ಬಸವಣ್ಣೆಮ್ಮನ ಕೇದಿಗೆ ಎಳ್ಳು

ನಮ್ಮ ಮನೆಯ ಹಿರಿ ಸೊಸೆ ಬಸವಣ್ಣೆಮ್ಮನಿಗೆ ದೇವರು ಮೂಗನ್ನು ಸ್ವಲ್ಪ ದೊಡ್ಡದಾಗಿಯೇ ಕೊಟ್ಟಿದ್ದ. ಹೆಣ್ಣು ನೋಡಲು ಹೋದವರು ಮೊದಲು ನೋಡಿದ್ದೂ ಅದನ್ನೇ, ದಾರಿಯುದ್ದಕ್ಕೂ ಆಡಿಕೊಂಡು ಬಂದದ್ದೂ ಅದನ್ನೇ. ಆದರೆ ಕೊಟ್ಟವನು ಸುಮ್ಮನೆ ಕೊಟ್ಟಿರಲಿಲ್ಲ. ಹಾಲು ಒಡೆಯುವುದಕ್ಕೆ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ನೆಂಟರು ಇನ್ನೂ ಜಗಲಿ ಹತ್ತುತ್ತಿರುವಾಗಲೇ, ಅವರ ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದು ನುಸಿಗುಳಿಗೆಯೋ ಲಾವಂಚದ ಬೇರೋ ಎಂದು ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. ನುಸಿಗುಳಿಗೆಯವರಿಗೆ ಕಾಫಿ ಸ್ವಲ್ಪ ನೀರಾಗಿಯೇ ಹೋಗುತ್ತಿತ್ತು.

ನಾನು ನೀಲಾಂಬಿಕ, ಆ ಮನೆಯ ಕಿರಿ ಸೊಸೆ, ಅವಳ ಓರಗಿತ್ತಿ. ಅವಳನ್ನು ಅಕ್ಕ ಎನ್ನುತ್ತಿದ್ದೆ. ಒಂದೇ ಒಲೆಯ ಹೊಗೆ ಕುಡಿದು ಅವಳ ಜೊತೆ ಬಾಳಿದವಳು ನಾನು, ಆದ್ದರಿಂದ ಅವಳ ಕಥೆ ಹೇಳುವ ಹಕ್ಕು ನನಗೇ ಸೇರಿದ್ದು. ಅವಳ ಮಕ್ಕಳು ಹೇಳುವುದನ್ನು ನಂಬಬೇಡಿ. ಅವರಿನ್ನೂ ಆಗ ಹುಟ್ಟಿರಲಿಲ್ಲ, ಹುಟ್ಟಿದ ಮೇಲೂ ಅವರು ಯಾವುದನ್ನೂ ಸರಿಯಾಗಿ ಕೇಳಿಸಿಕೊಂಡವರಲ್ಲ.

ಅಕ್ಕನ ತವರು ಸೊರಬದ ಕಡೆಯ ಕುಬಟೂರು. ಅಲ್ಲಿ ಅವಳ ತಾಯಿ ವರದಮ್ಮ ಹೂವಿನ ಎಣ್ಣೆ ಮಾಡುತ್ತಿದ್ದರು. ಹೂವಿನ ಎಣ್ಣೆ ಎಂದ ಕೂಡಲೇ ಈಗಿನವರು ಎಣ್ಣೆ ಕಾಯಿಸಿ ಹೂ ಹಾಕುವುದು ಎಂದುಕೊಳ್ಳುತ್ತಾರೆ. ಅದು ಬಜ್ಜಿ ಕರಿಯುವ ವಿಧಾನ. ವರದಮ್ಮನ ಕ್ರಮದಲ್ಲಿ ಬೆಂಕಿಯೇ ಇಲ್ಲ. ಎಳ್ಳನ್ನು ತೊಳೆದು ಒಣಗಿಸಿ, ಅಗಲವಾದ ಮೊರದಲ್ಲಿ ಒಂದು ಪದರ ಹೂ, ಅದರ ಮೇಲೆ ಒಂದು ಪದರ ಎಳ್ಳು, ಮತ್ತೆ ಹೂ, ಮತ್ತೆ ಎಳ್ಳು ಹರವಿ, ಒಗೆದ ಹಳೆಯ ಸೀರೆ ಹೊದಿಸಿ ಮಲಗಿಸುವುದು. ಬೆಳಗಾಗುವಷ್ಟರಲ್ಲಿ ಹೂ ಸೋತು ಸುಣ್ಣವಾಗಿರುತ್ತದೆ, ಎಳ್ಳು ಘಮ್ಮೆನ್ನುತ್ತಿರುತ್ತದೆ. ಜರಡಿ ಹಿಡಿದು ಹಳೆಯ ಹೂ ತೆಗೆದು ಹೊಸ ಹೂ ಹಾಕುವುದು. ಎಳ್ಳು ಸಾಕು ಎನ್ನುವವರೆಗೆ ಹೀಗೇ. ಅದು ಸಾಕು ಎಂದದ್ದು ಮೂಗಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಬಾಡಿದ ಹೂವನ್ನು ಒಂದು ಗಳಿಗೆ ಹೆಚ್ಚಿಗೆ ಬಿಟ್ಟರೂ ಕೆಲಸ ಕೆಟ್ಟಿತು, ಏಕೆಂದರೆ ಎಳ್ಳಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ, ಕೊಳೆತ ವಾಸನೆಯನ್ನೂ ಅಷ್ಟೇ ಪ್ರೀತಿಯಿಂದ ಹೀರಿಕೊಳ್ಳುತ್ತದೆ. ಕಡೆಗೆ ಆ ಎಳ್ಳನ್ನು ಮರದ ಗಾಣಕ್ಕೆ ಹಾಕಿ, ಎತ್ತಿಗೆ ಅವಸರ ಮಾಡದೆ ನಿಧಾನಕ್ಕೆ ಅರೆಸಿದರೆ ಹೂವಿನ ಎಣ್ಣೆ. ಬೇಗ ತಿರುಗಿಸಿದರೆ ಗಾಣ ಬಿಸಿಯೇರಿ ಹೂವೆಲ್ಲ ಗಾಳಿಗೆ ಹಾರಿ ಹೋಗುತ್ತದೆ.

ಇದು ಎಷ್ಟು ಹಳೆಯ ವಿದ್ಯೆ ಎಂದು ಕೇಳಿದರೆ ಕುಬಟೂರಿನ ಹೆಂಗಸರು ಬಳ್ಳಿಗಾವಿಯ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿಯ ಗುಡಿಗಳಲ್ಲಿ ಕುಣಿಯುತ್ತಿದ್ದವರು ತಲೆಗೆ ಇದೇ ಎಣ್ಣೆ ಹಚ್ಚುತ್ತಿದ್ದರಂತೆ, ರಾಣಿಯರು ಗಡಿಗೆಗಟ್ಟಲೆ ತರಿಸಿಕೊಳ್ಳುತ್ತಿದ್ದರಂತೆ. ನಮ್ಮ ಸೀಮೆಯಲ್ಲಿ ಬಾಯಿ ಒಡೆದ ಬಾನಿ ಸಿಕ್ಕರೂ ಅದು ರಾಣಿಯದೇ ಆಗಿರುತ್ತದೆ, ಆದ್ದರಿಂದ ನಾನು ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಿಲ್ಲ. ಶಿಕಾರಿಪುರದ ಸಂತೆಗೆ ಮರದ ಪೆಟ್ಟಿಗೆ ಹೊತ್ತು ಬರುತ್ತಿದ್ದ ಅತ್ತರಿನ ಸಾಹೇಬರು ಮಾತ್ರ ಅಕ್ಕನಿಗೆ ಬೇರೆಯೇ ಹೇಳಿದ್ದರು. ಬಡಗಣ ಸೀಮೆಯಲ್ಲಿ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಅದರ ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ಗಂಧದೆಣ್ಣೆಯಲ್ಲಿ ಹಿಡಿಯುತ್ತಾರಂತೆ. ಆದರೆ ಹಂಡೆ ಬರುವ ಮೊದಲು ದೇಶಕ್ಕೆಲ್ಲ ಎಳ್ಳೇ ಗತಿಯಾಗಿತ್ತಂತೆ. ಅಂದಿನಿಂದ ಅಕ್ಕ ಸಾಹೇಬರ ಮಾತನ್ನು ವೇದವಾಕ್ಯವೆಂದೇ ನಂಬಿದಳು. ತನಗೆ ಬೇಕಾದ್ದನ್ನೇ ಹೇಳಿದವರನ್ನು ಯಾರು ತಾನೇ ನಂಬುವುದಿಲ್ಲ?

ನಮ್ಮ ಮನೆ ಇದ್ದದ್ದು ತೊಗರ್ಸಿಯಲ್ಲಿ. ಅಕ್ಕನ ಗಂಡ ಪರಮಶಿವಪ್ಪ, ಅಂದರೆ ನಮ್ಮ ಭಾವ, ಶಿಕಾರಿಪುರದಲ್ಲಿ ಮದುವೆ ಸಾಮಾನು, ಸೆಂಟಿನ ಅಂಗಡಿ ಇಟ್ಟಿದ್ದರು. ಒಮ್ಮೆ ಅವರು ಅಂಗಡಿಯಿಂದ ಓಡಿಕೊಲನ್ ಸೀಸೆಯೊಂದನ್ನು ತಂದರು. ಜ್ವರ ಬಂದಾಗ ಡಾಕ್ಟರರ ಮನೆಯವರು ಹಣೆಗೆ ಹಚ್ಚುತ್ತಾರಲ್ಲ, ಅದು. ಸೀಮೆಯ ದೊರೆಗಳೆಲ್ಲ ಮೈಗೆ ಹಚ್ಚುವುದು ಇದನ್ನೇ ಎಂದು ಜಂಬದಿಂದ ಮುಚ್ಚಳ ತೆಗೆದರು. ಅಕ್ಕ ಒಮ್ಮೆ ಮೂಸಿ, ಇದರಲ್ಲಿ ನಿಂಬೆ ಸಿಪ್ಪೆ ಇದೆ, ಕಿತ್ತಳೆ ಹೂ ಇದೆ, ಎಲ್ಲವನ್ನೂ ನೆನೆಹಾಕಿದ್ದು ಸಾರಾಯಿಯಲ್ಲಿ ಎಂದಳು. ಕೊನೆಯ ಮಾತು ನಡುಮನೆಯಲ್ಲಿದ್ದ ಅತ್ತೆಯ ಕಿವಿಗೆ ಬಿತ್ತು. ಓಡಿಕೊಲನ್ ಆ ಹೊತ್ತಿಗೇ ತಿಪ್ಪೆ ಸೇರಿತು. ನಾಕು ದಿನ ನಮ್ಮ ತಿಪ್ಪೆ ದೊರೆಗಳ ಹಾಗೆ ನಾರುತ್ತಿತ್ತು.

ಅತ್ತೆಯ ಹೆಸರು ಈಶ್ವರಮ್ಮ. ಹೆಸರಿಗೆ ತಕ್ಕ ಭಕ್ತೆ. ತೊಗರ್ಸಿಯ ಮಲ್ಲಿಕಾರ್ಜುನನನ್ನು ಮಲ್ಲಯ್ಯ ಎಂದು ಸಲಿಗೆಯಿಂದ ಕರೆಯುತ್ತಿದ್ದರು, ಆದರೆ ಅವನ ವಿಷಯದಲ್ಲಿ ಬೇರೆ ಯಾರಿಗೂ ಸಲಿಗೆ ಕೊಡುತ್ತಿರಲಿಲ್ಲ. ಪ್ರತಿ ಸೋಮವಾರ ಗುಡಿಯಲ್ಲಿ ನಂದಿಯ ಪಕ್ಕ ಅವರ ಜಾಗ ಖಾಯಂ. ಅವರಿಗೆ ಇದ್ದ ಒಂದೇ ಚಟ ನಶ್ಯ. ಸೊಂಟದಲ್ಲಿ ಬೆಳ್ಳಿಯ ಡಬ್ಬಿ, ಮಾತಿಗೊಮ್ಮೆ ಚಿಟಿಕೆ. ವರ್ಷಾನುಗಟ್ಟಲೆ ಏರಿಸಿದ ನಶ್ಯದಿಂದಾಗಿ ಅವರ ಮೂಗು ಬರೀ ಉಸಿರಾಡುವುದಕ್ಕೆ ಉಳಿದಿತ್ತು. ಅನ್ನ ಸೀದರೂ ಅವರಿಗೆ ತಿಳಿಯುತ್ತಿರಲಿಲ್ಲ. ಇಂಥ ಅತ್ತೆಗೆ ಅಂಥ ಸೊಸೆ ಸಿಕ್ಕಿದ್ದು ಮಲ್ಲಯ್ಯನ ತಮಾಷೆ ಇರಬೇಕು.

ಈ ಅತ್ತೆಗೆ ಕೇದಿಗೆ ಎಂದರೆ ಆಗುತ್ತಿರಲಿಲ್ಲ. ಶಿವನ ತಲೆಯನ್ನು ಕಂಡೆ ಎಂದು ಬ್ರಹ್ಮ ಸುಳ್ಳು ಹೇಳಿದಾಗ ಹೌದೆಂದು ಸಾಕ್ಷಿ ನುಡಿದ ಹೂವಲ್ಲವೇ ಅದು? ಅಂದಿನಿಂದ ಶಿವನ ಪೂಜೆಗೆ ಕೇದಿಗೆ ನಿಷಿದ್ಧ. ಬೇರೆ ಮನೆಗಳವರು ಪೂಜೆಗಿಡದೆ ಸುಮ್ಮನಾದರು. ಕುಬಟೂರಿನವರೂ ಶಿವಭಕ್ತರೇ, ದೇವರಿಗೆ ಏರಿಸುತ್ತಿರಲಿಲ್ಲ, ತಲೆಗೆ ಮುಡಿಯುತ್ತಿದ್ದರು. ನಮ್ಮ ಅತ್ತೆ ಮಾತ್ರ ಅದನ್ನು ಮನೆಯ ಹತ್ತಿರವೂ ಸೇರಿಸಲಿಲ್ಲ. ನಮ್ಮಲ್ಲಿ ಮಕ್ಕಳು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೇದಿಗೆ ಎಂದೇ ಬೈಗುಳ.

ಅಕ್ಕ ಮದುವೆಯಾಗಿ ಬರುವಾಗ ಮೊರ, ಜರಡಿ, ಎಣ್ಣೆ ಗಡಿಗೆಗಳನ್ನೂ ತಂದಿದ್ದಳು. ಅವುಗಳನ್ನು ಕಂಡ ದಿನವೇ ಅತ್ತೆ ಕರಾರು ಹಾಕಿದ್ದರು.

"ಮಲ್ಲಿಗೆ ಮಾಡು, ಸಂಪಿಗೆ ಮಾಡು, ಸುರಗಿ ಮಾಡು, ನಾನು ಬ್ಯಾಡ ಅನ್ನಲ್ಲ. ಕೇದಿಗೆ ಈ ಹೊಸ್ತಿಲು ದಾಟಿದ ದಿನ ನಿನ್ನ ಮೊರ ಗಡಿಗೆ ಎಲ್ಲಾ ಅಟ್ಟಕ್ಕೆ. ಮತ್ತೆ ಇಳಿಯೋದಿಲ್ಲ. ಮಲ್ಲಯ್ಯನ ಆಣೆ."

ಅಕ್ಕ ಒಪ್ಪಿಕೊಂಡಳು. ಒಪ್ಪದೆ ಏನು ಮಾಡುತ್ತಾಳೆ? ಆ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟೆಂದು ಹೇಳುವವರೂ ಅತ್ತೆಯೇ, ತವರಿಗೆ ಯಾವಾಗ ಹೋಗಬೇಕೆಂದು ಹೇಳುವವರೂ ಅತ್ತೆಯೇ. ಎಳ್ಳಿನ ಮೊರದ ಮುಂದೆ ಕೂತಾಗ ಮಾತ್ರ ಅಕ್ಕ ಯಾರ ಸೊಸೆಯೂ ಆಗಿರುತ್ತಿರಲಿಲ್ಲ. ಅಲ್ಲಿ ಅವಳು ಹೇಳಿದ್ದೇ ಸರಿ. ಅದನ್ನು ಕಳೆದುಕೊಂಡರೆ ಅವಳಿಗೆ ತನ್ನದು ಎನ್ನುವುದು ಏನೂ ಉಳಿಯುತ್ತಿರಲಿಲ್ಲ, ಇದು ನನಗೆ ಚೆನ್ನಾಗಿ ಗೊತ್ತಿತ್ತು.

ನಯಾಪೈಸೆ ಬಂದ ವರ್ಷದ ಆಷಾಢ. ಕುಬಟೂರಿನಿಂದ ಅಕ್ಕನ ತಮ್ಮ ಆನಂದಪ್ಪ ಬಂದ. ತಾಯಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಎಡಗೈಯೂ ನಡುಗುತ್ತದೆ ಎಂದ. ಆ ವರ್ಷದ ಕೇದಿಗೆ ಎಣ್ಣೆ ಮಾಡಲು ಅವರಿಂದ ಆಗಿರಲಿಲ್ಲ, ಹಳೆಯ ಗಡಿಗೆ ಬರಿದಾಗಿತ್ತು. ಜೀವಮಾನವೆಲ್ಲ ನೆತ್ತಿಗೆ ಕೇದಿಗೆ ಎಣ್ಣೆ ಹಚ್ಚಿ ಮಲಗಿದ ಮುದುಕಿಗೆ ಈಗ ನಿದ್ದೆ ಹತ್ತುತ್ತಿಲ್ಲವಂತೆ. ಬಂದವರನ್ನೆಲ್ಲ ಕೇದಿಗೆ ಅರಳಿತೇ ಎಂದು ಕೇಳುತ್ತಾರಂತೆ. ಅಂದು ಅಕ್ಕ ರೊಟ್ಟಿ ತಟ್ಟುತ್ತಾ ಅತ್ತಳು. ಕೇಳಿದರೆ ಹೊಗೆ ಎಂದಳು. ಒಲೆ ಆ ದಿನ ಚೆನ್ನಾಗಿಯೇ ಉರಿಯುತ್ತಿತ್ತು.

ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಪಂಚಮಿಗೆ ಹೋಗುವಾಗ ಅವ್ವನಿಗೆ ಒಂದು ಸೀಸೆ ಕೇದಿಗೆ ಎಣ್ಣೆ ಒಯ್ಯಲೇಬೇಕು ಎಂದು ಅಕ್ಕ ತೀರ್ಮಾನಿಸಿದಳು. ಸಿಕ್ಕಿಬಿದ್ದರೆ ಅವಳ ಕಸುಬು ಅಟ್ಟ ಸೇರುತ್ತದೆ. ಆದರೂ ಅವಳು ತನ್ನದೇ ರೀತಿಯಲ್ಲಿ ಅತ್ತೆಯ ಮಾತು ಮೀರದ ಸೊಸೆ. ಕೇದಿಗೆ ಹೊಸ್ತಿಲು ದಾಟಬಾರದು ತಾನೇ? ಮನೆಯ ಹಿಂದೆ ಬೇರೆಯಾಗಿ ನಿಂತ ಕೊಟ್ಟಿಗೆಗೆ ಹೊಸ್ತಿಲೇ ಇರಲಿಲ್ಲ. ಮೊರಗಳನ್ನೆಲ್ಲ ಅಲ್ಲಿ ಹುಲ್ಲಿನ ಮರೆಗೆ ಸಾಗಿಸಿದಳು.

ಹೂ ತರುವ ಕೆಲಸ ಭಾವನದು. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ಬರೀ ನೊಣ. ಭಾವ ಊರಲ್ಲೇ ಇದ್ದರು. ತಾಯಿಯೆದುರು ಗಟ್ಟಿಯಾಗಿ ಕೆಮ್ಮಲೂ ಹೆದರುವ ಮನುಷ್ಯ, ಹೆಂಡತಿ ಅತ್ತಳೆಂದು ಬಳ್ಳಿಗಾವಿ ದಾರಿಯ ಹಳ್ಳದ ದಂಡೆಗೆ ನಸುಕಿನಲ್ಲೇ ಸೈಕಲ್ ಹೊಡೆಯುತ್ತಿದ್ದರು. ಕೇದಿಗೆ ಪೊದೆಯ ಎಲೆಯಂಚು ಗರಗಸದಂಥದು. ಒಳಗಿನ ಕೆನೆ ಬಣ್ಣದ ಗರಿ ಕೈಗೆ ಸಿಗುವಷ್ಟರಲ್ಲಿ ಮೊಣಕೈವರೆಗೆ ಗೀರು. ಏನಪ್ಪಾ ಇದು ಎಂದು ಅತ್ತೆ ಕೇಳಿದರೆ ಬೆಕ್ಕು ಪರಚಿತು ಎಂದರು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ನಾನು ತಡೆಯಲಾರದೆ, ಪಕ್ಕದ ಮನೆಯ ಬೆಕ್ಕು ಇತ್ತೀಚೆಗೆ ಬಹಳ ಕೆಟ್ಟಿದೆ ಅತ್ತೆ ಎಂದೆ. ಪಕ್ಕದ ಮನೆಯಲ್ಲೂ ಬೆಕ್ಕಿರಲಿಲ್ಲ. ಅಕ್ಕನ ಸೀರೆಯೇ ಒಂದು ವಾರದಿಂದ ಕೇದಿಗೆ ಸೂಸುತ್ತಿತ್ತು, ಅದಕ್ಕೆ ನಮ್ಮ ಯಜಮಾನರು ಹೊಸ ಸಾಬೂನು ಎಂದು ತಾವಾಗಿಯೇ ಹೇಳಿದರು, ಅವರನ್ನು ಯಾರೂ ಕೇಳಿರಲಿಲ್ಲ. ಹೂವು ಕೊಟ್ಟಿಗೆಯವರೆಗೆ ಬಂದದ್ದಷ್ಟೇ, ಮನೆಮಂದಿಯೆಲ್ಲ ಸುಳ್ಳು ಹೇಳತೊಡಗಿದ್ದೆವು. ಅತ್ತೆ ಹೇಳುತ್ತಿದ್ದುದರಲ್ಲಿ ಏನಾದರೂ ಇತ್ತೋ ಏನೋ.

ಶ್ರಾವಣ ಹುಟ್ಟುವ ಹೊತ್ತಿಗೆ ಎಳ್ಳು ಸಾಕು ಎಂದಿತು. ಅಕ್ಕ ಒಂದೇ ಒಂದು ಗರಿಯ ಚೂರೂ ಉಳಿಯದಂತೆ ಜರಡಿ ಹಿಡಿದು, ಹೂವನ್ನೆಲ್ಲ ಗುಂಡಿ ತೋಡಿ ಮುಚ್ಚಿ, ಬರೀ ಎಳ್ಳನ್ನು ಗಡಿಗೆಗೆ ತುಂಬಿದಳು. ಈಗ ಅದು ಎಳ್ಳು, ಕೇದಿಗೆಯಲ್ಲ. ಕೊಟ್ಟಿಗೆಯಲ್ಲಿ ಇಲಿ ಕಾಟ. ಆದ್ದರಿಂದ ಗಡಿಗೆಯನ್ನು ಒಳಗೆ ತಂದು ಅಡುಗೆಮನೆಯ ಮೂಲೆಯಲ್ಲಿ ಉಳಿದ ಗಡಿಗೆಗಳ ಸಾಲಿಗೆ ಸೇರಿಸಿದಳು. ಮರುದಿನವೇ ಗಾಣಕ್ಕೆ ಹಾಕಬಹುದಿತ್ತು. ಆದರೆ ಮರುದಿನ ಸೋಮವಾರ, ಬಸವಣ್ಣನ ದಿನ, ಗಾಣಿಗ ಗುತ್ಯಪ್ಪ ಎತ್ತಿನ ಹೆಗಲಿಗೆ ನೊಗ ಇಡುವವನಲ್ಲ. ಮಂಗಳವಾರ ಅರೆಸಿ, ಬುಧವಾರದ ಪಂಚಮಿಗೆ ಒಯ್ದರಾಯಿತೆಂದು ಅಕ್ಕ ಲೆಕ್ಕ ಹಾಕಿದಳು.

ಸೋಮವಾರ ಅಕ್ಕ ಎದ್ದವಳೇ, ಮೊದಲ ಸರದಿ ತನಗೇ ಇರಲಿ ಎಂದು ಹೇಳಿಬರಲು ಗುತ್ಯಪ್ಪನ ಮನೆಗೆ ಹೋದಳು. ಅಲ್ಲಿ ಗುತ್ಯಪ್ಪನ ಹೆಂಡತಿ ಮಾತಿಗೆ ಹಿಡಿದುಕೊಂಡಳು. ನನಗೆ ಎಚ್ಚರವಾದದ್ದು ಒನಕೆಯ ಸದ್ದಿಗೆ. ಶ್ರಾವಣದ ಮೊದಲ ಸೋಮವಾರ, ಪಂಚಮಿಯ ಚಿಗಳಿಯಲ್ಲಿ ಮೊದಲ ಪಾಲು ಮಲ್ಲಯ್ಯನಿಗೆ ಸಲ್ಲಿಸುವುದು ಅತ್ತೆಯ ಹರಕೆ. ಹಸಿ ಎಳ್ಳು, ಬೆಲ್ಲ, ಎರಡನ್ನೂ ಒರಳಿಗೆ ಹಾಕಿ ಕುಟ್ಟಿ ಉಂಡೆ ಕಟ್ಟುವುದು, ಒಲೆಯ ಕೆಲಸವೇ ಇಲ್ಲ. ಆ ಒರಳಿನ ಬಳಿ ಬೇರೆ ಯಾರನ್ನೂ ಅವರು ಬಿಡುತ್ತಿರಲಿಲ್ಲ. ನಾನು ಮುಖ ತೊಳೆದು ಬರುವಷ್ಟರಲ್ಲಿ ಉಂಡೆಗಳು ಹಿತ್ತಾಳೆ ತಟ್ಟೆಯಲ್ಲಿ ಕೂತು, ಮೇಲೆ ಬಟ್ಟೆ ಮುಚ್ಚಿಕೊಂಡಿದ್ದವು. ಈ ಸಲದ ಎಳ್ಳು ಬಹಳ ಚೊಕ್ಕಟ ಐತೆ ಎಂದು ಅತ್ತೆ ಹೊಗಳಿದರು. ಅಡುಗೆಮನೆ ಕೇದಿಗೆ ಘಮಲಿನಿಂದ ತುಂಬಿತ್ತು, ಆದರೆ ಮನೆಯೇ ವಾರದಿಂದ ಹಾಗಿದ್ದುದರಿಂದ ನನಗೆ ಹೊಸದೇನೂ ಅನಿಸಲಿಲ್ಲ. ಅತ್ತೆಯ ಹಿಂದೆ ಗುಡಿಗೆ ಹೊರಟೆ.

ಗುಡಿಯಲ್ಲಿ ಆ ದಿನ ಜನ ಜಾಸ್ತಿ. ಪೂಜಾರಿ ಬೆನಕಪ್ಪ ಅತ್ತೆಯ ತಟ್ಟೆ ಒಳಗೊಯ್ದು, ಬಟ್ಟೆ ತೆಗೆದು, ಲಿಂಗದ ಮುಂದೆ ದೀಪದ ಪಕ್ಕದಲ್ಲಿಟ್ಟ. ಕಿಟಕಿ ಇಲ್ಲದ ಗರ್ಭಗುಡಿ, ದೀಪದ ಶಾಖ. ಮಂಗಳಾರತಿ ಮುಗಿಯುವಷ್ಟರಲ್ಲಿ ಕೇದಿಗೆಯ ಪರಿಮಳ ಕಂಬಕಂಬವನ್ನು ಸುತ್ತಿಕೊಂಡು ಹೊರಗೆ ಬಂತು. ಜನ ಕಣ್ಣುಮುಚ್ಚಿ ಕೈಮುಗಿದಿದ್ದವರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು. ಬೆನಕಪ್ಪ ಆರತಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು, ಯಾರವ್ವ ಕೇದಿಗೆ ಮುಡಿದು ಬಂದವರು ಎಂದು ಕೇಳಿದ.

ನಂದಿಯ ಪಕ್ಕದಿಂದ ಅತ್ತೆ ಎದ್ದರು. ಎದ್ದು ಒಂದು ಚಿಟಿಕೆ ನಶ್ಯ ಏರಿಸಿ, ಹೆಂಗಸರ ಸಾಲಿನ ಒಂದು ತುದಿಯಿಂದ ತುರುಬು ಪರೀಕ್ಷೆಗೆ ಶುರುಮಾಡಿದರು. ಮೂಗಿನಿಂದ ಆಗದ್ದನ್ನು ಕೈಯಿಂದ ಮಾಡಬೇಕಲ್ಲ. ಜಡೆ ಎತ್ತಿ ನೋಡಿದರು, ಹೂದಂಡೆ ಬಿಡಿಸಿ ನೋಡಿದರು. ಗೌಡರ ಹೆಂಡತಿಯ ತುರುಬು ಹಿಡಿದಾಗ ಅದರಲ್ಲಿದ್ದ ಚೌರಿ ಪೂರ್ತಿ ಅತ್ತೆಯ ಕೈಗೇ ಬಂತು. ಆಕೆಯ ಉದ್ದ ಕೂದಲನ್ನು ಊರೇ ಹೊಗಳುತ್ತಿದ್ದ ಕಾಲ ಅದು. ನನಗೆ ನಗು ತಡೆಯಲಾಗದೆ ಕೆಮ್ಮಿದೆ. ಕೆಮ್ಮಿದ್ದಕ್ಕೆ ನನ್ನ ತುರುಬನ್ನೂ ಬಿಚ್ಚಿಸಿದರು.

ನಗು ಅಲ್ಲಿಗೇ ನಿಂತಿತು. ಸಾಲಿನ ಕೊನೆಯಲ್ಲಿ ಶಕುಂತಲಮ್ಮ ನಿಂತಿದ್ದಳು. ಆ ಬೇಸಿಗೆಯಲ್ಲಿ ಮದುವೆಯಾಗಿ ಊರಿಗೆ ಬಂದ ಹುಡುಗಿ, ಸೊರಬದ ಕಡೆಯವಳು. ಆ ಕಡೆಯವರಿಗೆ ಕೇದಿಗೆ ಮುಡಿಯುವ ರೂಢಿ ಇದೆ ಎಂದು ಯಾರೋ ಅಂದರು. ಅಷ್ಟು ಸಾಕಾಯಿತು. ಅವಳ ಜಡೆಯಲ್ಲಿ ಇದ್ದದ್ದು ಮಲ್ಲಿಗೆ ಮಾತ್ರ, ಆದರೆ ಬರುವ ದಾರಿಯಲ್ಲಿ ಕಿತ್ತೆಸೆದಿದ್ದಾಳೆ ಎಂದು ಅತ್ತೆ ತೀರ್ಪು ಕೊಟ್ಟರು. ಜಡೆ ಬಿಚ್ಚಿ, ತಲೆಗೆ ನೀರು ಹಾಕಿಕೊಂಡು, ಶ್ರಾವಣ ಮುಗಿಯುವವರೆಗೆ ಗುಡಿಯ ಕಡೆ ಬರಕೂಡದು ಎಂದರು. ಆ ಹುಡುಗಿಯ ಅತ್ತೆ ತಲೆ ತಗ್ಗಿಸಿದಳು. ಹುಡುಗಿ ನಾನಲ್ಲ ಎಂದು ಹೇಳಿ ಅಳತೊಡಗಿದಳು. ಹೊಸ ಊರಿನಲ್ಲಿ ಅವಳ ಮಾತು ಯಾರು ಕೇಳಬೇಕು?

ಅಕ್ಕ ಬಂದದ್ದು ಆಗಲೇ. ಬಾಗಿಲಲ್ಲೇ ಅವಳ ಮೂಗರಳಿತು, ಮರುಕ್ಷಣ ಮುಖ ಬಿಳಿಚಿತು. ಕಣ್ಣು ನೇರ ಗರ್ಭಗುಡಿಯ ತಟ್ಟೆಗೆ ಹೋಯಿತು. ಅವಳಿಗೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ಅವಳ ಮುಖ ನೋಡಿದ ಮೇಲೇ ನನಗೂ ಅರ್ಥವಾದದ್ದು. ಸುಮ್ಮನಿರು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊರ, ಗಡಿಗೆ, ಅವಳ ಬಾಳಿನ ಒಂದೇ ಸುಖ, ಎಲ್ಲ ಉಳಿಯುತ್ತಿತ್ತು. ಅವಳು ಅಳುತ್ತಿದ್ದ ಹುಡುಗಿಯನ್ನು ಒಮ್ಮೆ ನೋಡಿದಳು, ನಡೆದುಬಂದು ಅತ್ತೆಯ ಎದುರು ನಿಂತಳು.

"ಆ ಹುಡುಗೀನ ಬಿಡ್ರಿ ಅತ್ತೆ. ಹೂವು ಯಾರ ತಲ್ಯಾಗೂ ಇಲ್ಲ. ಘಮ ನೀವು ತಂದ ಚಿಗಳಿಯೊಳಗೈತೆ. ಆ ಎಳ್ಳಿಗೆ ಕೇದಿಗೆ ಹಾಕಿದೋಳು ನಾನು, ನಮ್ಮವ್ವನ ಎಣ್ಣೆಗೆ ಅಂತ."

ಅತ್ತೆ ಒಂದು ಚಿಗಳಿಯನ್ನು ತರಿಸಿ ಮೂಗಿಗೆ ಒತ್ತಿ ಹಿಡಿದರು. ಏನೂ ತಿಳಿಯಲಿಲ್ಲ. ಮತ್ತೆ ಮೂಸಿದರು. ಕಡೆಗೆ ಬೆನಕಪ್ಪನ ಮುಖ ನೋಡಿದರು. ಅವನು ಹೌದೆಂದು ತಲೆಯಾಡಿಸಿದ. ಅತ್ತೆ ನಂದಿಗೆ ಆತುಕೊಂಡು ಕೂತುಬಿಟ್ಟರು. ಮದುವೆಯಾಗಿ ಬಂದಂದಿನಿಂದ ಕಾದುಕೊಂಡು ಬಂದ ನಿಷ್ಠೆ, ತಮ್ಮ ಕೈಯಾರೆ ಕುಟ್ಟಿ, ಉಂಡೆ ಕಟ್ಟಿ, ತಂದು ಮಲ್ಲಯ್ಯನ ಮುಂದಿಟ್ಟಿದ್ದರು. ಅವರ ಕೈ ಅಭ್ಯಾಸದಂತೆ ನಶ್ಯದ ಡಬ್ಬಿಗೆ ಹೋಗಿ ಹಾಗೇ ಹಿಂದೆ ಬಂತು. ನನಗೆ ಅವರನ್ನು ಕಂಡು ಹೆದರಿಕೆಯೇ ಹೊರತು ಕನಿಕರ ಎಂದೂ ಆಗಿರಲಿಲ್ಲ. ಆ ದಿನ ಆಯಿತು.

ಗೌಡರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಎಡೆ ಹೊರಗೆ ಹಾಕಿ ಗುಡಿ ತೊಳೆಯಬೇಕಾಗುತ್ತದೆ ಎಂದರು. ಹೆಂಡತಿಯ ಚೌರಿಯ ಸಿಟ್ಟು ಅವರಿಗಿನ್ನೂ ಇಳಿದಿರಲಿಲ್ಲ. ಹೊರಗೆ ಹಾಕುವುದು ಎಂಬ ಮಾತಿಗೆ ಅತ್ತೆ ತಲೆಯೆತ್ತಿದರು.

"ಬೆನಕಪ್ಪ, ಸ್ವಾಮಿ ಕೊರಳಾಗೆ ಏನೈತೆ?" ಎಂದು ಕೇಳಿದರು.

ನಾಗಪ್ಪ ಎಂದ ಅವನು.

"ನಾಗಪ್ಪ ಎಲ್ಲಿ ಮಲಗ್ತಾನೆ?"

ಬೆನಕಪ್ಪ ತಡವರಿಸಿ, ಹುತ್ತದಲ್ಲಿ ಎಂದ. ಆಮೇಲೆ, ಕೇದಿಗೆ ಪೊದೆಯಲ್ಲೂ ಎಂದು ಸೇರಿಸಿದ.

"ಅಲ್ಲಿ ರಾತ್ರೆಲ್ಲಾ ಹೊರಳಾಡಿ ಬಂದು ಕೊರಳು ಸುತ್ಕೊಂಡ್ರೆ, ಮೈ ತೊಳ್ಕೊಂಡು ಬಾ ಅಂತ ಸ್ವಾಮಿ ಎಂದಾದ್ರೂ ಕಳಿಸ್ಯಾನೇನು? ಹೂವು ಬ್ಯಾಡ ಅಂದಾನೆ, ಖರೆ. ಘಮ ಬ್ಯಾಡ ಅಂದಿದ್ರೆ ನಾಗಪ್ಪನ್ನ ಯಾಕೆ ಹಾಕ್ಕೋತಿದ್ದ? ಪ್ರಸಾದ ಹಂಚು."

ಇಷ್ಟು ವರ್ಷ ನಾವು ಯಾರಾದರೂ ಈ ಮಾತು ಆಡಿದ್ದರೆ ಮೂರು ದಿನ ಉಪವಾಸ ಕೆಡವುತ್ತಿದ್ದರು. ತಪ್ಪು ತಮ್ಮದೇ ಆದ ಕೂಡಲೇ ಶಾಸ್ತ್ರ ಎಷ್ಟು ಚೆನ್ನಾಗಿ ಹೊಳೆಯುತ್ತದೆ ನೋಡಿ. ಆದರೆ ಬೆನಕಪ್ಪನಿಗೆ ಅಷ್ಟು ಹೊತ್ತಿನಿಂದ ಬಾಯಲ್ಲಿ ನೀರೂರುತ್ತಿತ್ತು, ಅವನು ಎರಡನೆಯ ಮಾತು ಆಡದೆ ಹಂಚಿದ. ಅತ್ತೆ ಮೊದಲ ಉಂಡೆಯನ್ನು ತಾವೇ ತೆಗೆದುಕೊಂಡು ಹೋಗಿ ಶಕುಂತಲಮ್ಮನ ಕೈಯಲ್ಲಿಟ್ಟರು, ಅವಳ ಜಡೆಯನ್ನು ಅಲ್ಲೇ ಕೂತು ಹೆಣೆದರು. ಆ ಸೋಮವಾರ ತೊಗರ್ಸಿಯ ಗಂಡಸರೆಲ್ಲ ಮಧ್ಯಾಹ್ನದವರೆಗೂ ಕೇದಿಗೆ ತೇಗುತ್ತಾ ತಿರುಗಿದರು.

ಮನೆಗೆ ಬಂದ ಮೇಲೆ ಅಕ್ಕ ಏನೂ ಹೇಳಿಸಿಕೊಳ್ಳದೆ ಮೊರಗಳನ್ನು ಒಂದರ ಮೇಲೊಂದು ಜೋಡಿಸಿ, ಹಗ್ಗದಿಂದ ಕಟ್ಟಿ, ಅಟ್ಟಕ್ಕೆ ಏಣಿ ಹಾಕಿದಳು. ಅತ್ತೆ ಕಂಬಕ್ಕೊರಗಿ ನೋಡುತ್ತಿದ್ದವರು, ಏನದು ಎಂದರು. ನೀವೇ ಮಲ್ಲಯ್ಯನ ಆಣೆ ಹಾಕಿದ್ದಿರಿ ಎಂದಳು ಅಕ್ಕ. ಹೊಸ್ತಿಲು ದಾಟಿದರೆ ಎಂದಿದ್ದೆ, ದಾಟಿತೇ ಎಂದು ಅತ್ತೆ ಕೇಳಿದರು. ಹೂವು ಕೊಟ್ಟಿಗೆಯಲ್ಲೇ ಇತ್ತು, ಒಳಗೆ ಬಂದದ್ದು ಎಳ್ಳು ಮಾತ್ರ ಎಂದಳು ಅಕ್ಕ. ಹಾಗಾದರೆ ಏಣಿ ಇಳಿ ಎಂದರು ಅತ್ತೆ. ಇಳಿದ ಮೇಲೆ, ಅವ್ವನಿಗೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದರು. ಹೇಳಿದ್ದರೆ ಬಿಡುತ್ತಿದ್ದಿರಾ ಎಂದು ಅಕ್ಕ ಕೇಳಿದಳು. ಅತ್ತೆ ಯೋಚಿಸಿ, ಬಿಡುತ್ತಿರಲಿಲ್ಲ ಎಂದು ಒಪ್ಪಿಕೊಂಡರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುವರ್ಷದಿಂದ ನಮ್ಮ ಕೊಟ್ಟಿಗೆಯಲ್ಲಿ ಪ್ರತಿ ಆಷಾಢದಲ್ಲೂ ಕೇದಿಗೆ ಎಳ್ಳು ಮಲಗಿತು, ಭಾವನಿಗೆ ಬೆಕ್ಕಿನ ಹಂಗು ತಪ್ಪಿತು. ಶಿಕಾರಿಪುರದ ಅಂಗಡಿಯಲ್ಲಿ ಬಣ್ಣಬಣ್ಣದ ಸೆಂಟಿನ ಸೀಸೆಗಳ ಪಕ್ಕದಲ್ಲಿ ಅಕ್ಕನ ಎಣ್ಣೆಯೂ ನಿಂತಿತು. ಹೊಸಬರು ಸೆಂಟು ಕೊಳ್ಳುತ್ತಿದ್ದರು, ಮೂಗಿದ್ದವರು ಇದನ್ನು ಕೊಳ್ಳುತ್ತಿದ್ದರು. ಅತ್ತೆ ಒಂದು ಇಡೀ ಶ್ರಾವಣ ನಶ್ಯ ಬಿಟ್ಟು, ಈ ಕೇದಿಗೆ ಹೇಗಿದೆಯೆಂದು ತಿಳಿಯಲು ಹೆಣಗಾಡಿದರು. ಬರೀ ಸೀನು ಬಂತು. ಮೂಗು ಇಲ್ಲದಿದ್ದರೂ ತಿಳಿಯಬೇಕಾದ್ದು ತಿಳಿದಿತ್ತು ಎಂದು ಹೇಳಿ ಮತ್ತೆ ಡಬ್ಬಿ ಹಿಡಿದರು. ಅವರು ಹಾಗೆ ಹೇಳಿದ್ದು ಕುಬಟೂರಿನ ಪಂಚಮಿಯನ್ನು ನೆನೆದು, ಆ ಒಂದು ದಿನದ ಮಾತು ಬಾಕಿ ಇದೆ.

ಆ ವರ್ಷ ಎಣ್ಣೆ ಆಗಲಿಲ್ಲ. ಎಳ್ಳೆಲ್ಲ ಚಿಗಳಿಯಾಗಿ ಊರ ಹೊಟ್ಟೆ ಸೇರಿತ್ತು. ಪ್ರಸಾದವೆಂದು ಮನೆಗೆ ತಂದ ನಾಲ್ಕೈದು ಉಂಡೆಗಳು ಮಾತ್ರ ಉಳಿದಿದ್ದವು. ಮಂಗಳವಾರ ಆನಂದಪ್ಪ ಅಕ್ಕನನ್ನು ಕರೆದೊಯ್ಯಲು ಬಂದಾಗ ಅತ್ತೆ ಆ ಉಂಡೆಗಳನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ತಾವೂ ಗಾಡಿ ಹತ್ತಿದರು. ಪಂಚಮಿಗೆ ಸೊಸೆಯ ಜೊತೆ ಅವಳ ತವರಿಗೆ ಹೊರಟ ಅತ್ತೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನ್ನ ತವರು ಆನವಟ್ಟಿ, ಅದೇ ದಾರಿ. ಆದರೂ ಮುಂದೇನಾಗುವುದೋ ನೋಡೋಣವೆಂದು ತವರನ್ನು ಬಿಟ್ಟು ಕುಬಟೂರಿಗೇ ಹೋದೆ.

ವರದಮ್ಮ ಹಗಲೂ ಮಂಚದ ಮೇಲೇ ಇದ್ದರು. ಮಗಳನ್ನು ಕಂಡು, ತಂದ್ಯಾ ಎಂದಷ್ಟೇ ಕೇಳಿದರು. ಅಕ್ಕ ತಲೆಯಾಡಿಸಿ, ಎಣ್ಣೆ ಆಗಲಿಲ್ಲವ್ವ ಎಂದಳು. ಅತ್ತೆ ಬಾಳೆಲೆ ಬಿಚ್ಚಿದರು. ಮುದುಕಿಯ ಮೂಗು, ಮಗಳದಷ್ಟೇ ದೊಡ್ಡದು, ಒಮ್ಮೆ ಅರಳಿತು. ಮುಖವೆಲ್ಲ ಬೆಳಗಿತು. ಎಡಗೈಯಿಂದ ಒಂದು ಚಿಗಳಿ ಎತ್ತಿಕೊಂಡರು. ಬಾಯಿಗೆ ಇಟ್ಟುಕೊಳ್ಳುತ್ತಾರೆ ಎಂದು ನಾವು ನೋಡುತ್ತಿದ್ದರೆ ಅವರು ಅದನ್ನು ನೆತ್ತಿಯ ಮೇಲಿಟ್ಟು ತಿಕ್ಕಲು ನೋಡಿದರು. ಕೈ ನಡುಗಿ ಉಂಡೆ ಜಾರಿ ಹಾಸಿಗೆಗೆ ಬಿತ್ತು.

ಅತ್ತೆ ಅದನ್ನು ಹೆಕ್ಕಿಕೊಂಡರು. ಮಂಚದ ತಲೆದೆಸೆಗೆ ಕೂತು, ಎರಡೂ ಅಂಗೈ ನಡುವೆ ಉಂಡೆಯನ್ನಿಟ್ಟು ಮೈಯ ಬಲವನ್ನೆಲ್ಲ ಹಾಕಿ ಹಿಂಡಿದರು. ಬೆರಳ ಸಂದಿಯಲ್ಲಿ ಎಣ್ಣೆ ಜಿನುಗಿತು, ಬೆಲ್ಲದ ಜೊತೆಗೇ. ಅದನ್ನು ಬೀಗಿತಿಯ ಬಿಳಿ ಕೂದಲಿಗೆ ಮೆಲ್ಲಗೆ ತಿಕ್ಕತೊಡಗಿದರು. ವರದಮ್ಮ ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಅಲ್ಲ ಮಾರಾಯ್ತಿ, ನಿಮ್ಮನೇಲಿ ಕೇದಿಗೆ ಆಗಲ್ಲ ಅಂತಿದ್ರು. ಸುಳ್ಳು ಸಾಕ್ಷಿ ಹೇಳಿದ ಹೂವು ಅಂತ."

"ಹೂವು ಹೇಳಿರಬೌದು ಬೀಗ್ತಿ," ಎಂದರು ಅತ್ತೆ. "ನಿಮ್ಮ ಮಗಳು ಹೇಳಲಿಲ್ಲ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ಸಲ ಹೊಗೆ ಎನ್ನಲಿಲ್ಲ. ವರದಮ್ಮನಿಗೆ ಆ ಮಧ್ಯಾಹ್ನವೇ ನಿದ್ದೆ ಹತ್ತಿತು. ತಲೆಯ ಬೆಲ್ಲಕ್ಕೆ ಇರುವೆ ಹತ್ತದ ಹಾಗೆ ಮಂಚದ ಆ ಕಡೆ ಅತ್ತೆ, ಈ ಕಡೆ ಅಕ್ಕ, ಮುದುಕಿ ಏಳುವವರೆಗೂ ಬೀಸಣಿಗೆ ಹಿಡಿದು ಕೂತಿದ್ದರು.